ತಾಳಿಗೆ ವಿನಾಯಿತಿ, ಉಳಿತಾಯಕ್ಕೆ ಜಪ್ತಿ

ನಮ್ಮ ಸಂಘದ ಒಬ್ಬ ಅಕ್ಕನ ಮನೆಗೆ ಕೋರ್ಟಿನ ಅಮೀನರು ಬಂದರು. ಸಾಲ ಗಂಡನದು. ಆದರೆ ಕಾಗದದಲ್ಲಿ ಇವಳದೂ ಒಂದು ಸಹಿ ಇತ್ತು. "ಜಾಮೀನಿಗೆ ಒಂದು ಸಹಿ ಹಾಕೇ, ಅಷ್ಟೇ" ಎಂದಿದ್ದ. ಹಾಕಿದ್ದಳು. ಹಾಕದಿದ್ದರೆ ಆ ರಾತ್ರಿ ಏನಾಗುತ್ತಿತ್ತು ಎಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು.

ಅಮೀನರು ಅವಳ ಕೊರಳ ತಾಳಿ ಮುಟ್ಟಲಿಲ್ಲ. ಅಡುಗೆ ಪಾತ್ರೆ ಮುಟ್ಟಲಿಲ್ಲ. ಹಾಸಿಗೆ ಹೊದಿಕೆ ಬಿಟ್ಟರು. ಹೊಲಿಗೆ ಯಂತ್ರವನ್ನೂ ಬಿಟ್ಟರು. ಪರವಾಗಿಲ್ಲ, ಕಾನೂನಿಗೂ ಕರುಳಿದೆ ಎಂದು ಕೇರಿಯವರು ಮಾತಾಡಿಕೊಂಡರು. ಹದಿನೈದು ದಿನ ಕಳೆದು ಅವಳು ಬ್ಯಾಂಕಿಗೆ ಹೋದಾಗ ಖಾತೆ ಜಪ್ತಿಯಾಗಿತ್ತು. ಒಂಬತ್ತು ವರ್ಷ ರವಿಕೆ ಹೊಲಿದು ಕೂಡಿಟ್ಟ 23,000 ರೂಪಾಯಿ. ಅದು ಒಡವೆಗೆಂದು ಇಟ್ಟದ್ದಲ್ಲ, ಹಬ್ಬಕ್ಕೆಂದು ಇಟ್ಟದ್ದಲ್ಲ. ಏಟು ತಡೆಯಲಾಗದ ದಿನ ಮಕ್ಕಳನ್ನು ಕರೆದುಕೊಂಡು ಹೊರಡಲು ಯಾರಿಗೂ ಹೇಳದೆ ಇಟ್ಟ ಹಣ. ಬಸ್ ಚಾರ್ಜು, ಒಂದು ಕೋಣೆಯ ಮುಂಗಡ, ಎರಡು ತಿಂಗಳ ಅಕ್ಕಿ. ಅಷ್ಟೂ ಹೋಯಿತು. ತಾಳಿ ಉಳಿಯಿತು. ತಾಳಿ ಕಟ್ಟಿದವನೂ ಉಳಿದ. ಅವಳು ಇವತ್ತಿಗೂ ಅದೇ ಮನೆಯಲ್ಲಿದ್ದಾಳೆ.

ಈ ಕಾನೂನು ಯಾರ ಕಣ್ಣಿನಿಂದ ನೋಡಿ ಬರೆದದ್ದು? ಹೆಂಗಸನ್ನು ಗಂಡನಿಗೆ ಕಟ್ಟಿಹಾಕುವ ಒಡವೆಗೆ ವಿನಾಯಿತಿ ಕೊಟ್ಟವರು, ಅವಳನ್ನು ಬಿಡಿಸುವ ದುಡ್ಡಿಗೆ ಏಕೆ ಕೊಡಲಿಲ್ಲ? ಇದು ನಮ್ಮ ಪ್ರಶ್ನೆ.

ಸಾಸಿವೆ ಡಬ್ಬಿಯ ಇತಿಹಾಸ

ಹೆಣ್ಣಿನ ಉಳಿತಾಯ ಎಂದೂ ಬಹಿರಂಗವಾಗಿ ಇದ್ದದ್ದಲ್ಲ. ಸಾಸಿವೆ ಡಬ್ಬಿ, ಅಕ್ಕಿ ಮೂಟೆ, ಸೀರೆಯ ಮಡಿಕೆ, ಇವೇ ನಮ್ಮ ಬ್ಯಾಂಕು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಎಷ್ಟೋ ಮನೆಗಳಲ್ಲಿ ಈ ಡಬ್ಬಿಗಳು ಗಂಡನ ಮುಂದೆ ಬಾಯಿ ಬಿಡಬೇಕಾಯಿತು. "ಇಷ್ಟು ದಿನ ಮುಚ್ಚಿಟ್ಟಿದ್ದೀಯಾ" ಎಂಬ ಮಾತು, ಅದರ ಹಿಂದೆಯೇ ಹೊಡೆತ. ಅಂದಿನಿಂದ ನಮಗೆ ಎಲ್ಲರೂ ಬುದ್ಧಿ ಹೇಳಿದರು: ಬ್ಯಾಂಕಿನಲ್ಲಿಡಿ, ಸುರಕ್ಷಿತ.

ಇಟ್ಟೆವು. ಕಳ್ಳನಿಂದ ಸುರಕ್ಷಿತ, ಇಲಿಯಿಂದ ಸುರಕ್ಷಿತ. ಡಿಕ್ರಿಯಿಂದ ಸುರಕ್ಷಿತವೇ? ಅದನ್ನು ಯಾರೂ ಹೇಳಲಿಲ್ಲ.

ಕಾನೂನು ಏನನ್ನು ಬಿಡುತ್ತದೆ, ಏನನ್ನು ಹಿಡಿಯುತ್ತದೆ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ನಮ್ಮ ಮನೆಯೊಳಗೆ ನಡೆಯುವ ಜಪ್ತಿಯನ್ನು ನಿರ್ಧರಿಸುತ್ತದೆ. ಯಾವುದನ್ನು ಜಪ್ತಿ ಮಾಡಬಾರದು ಎಂಬ ಪಟ್ಟಿ ಅದರಲ್ಲಿದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ತೆಗೆದುಕೊಡಲಾಗದ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಉಳುವ ದನ, ಬಿತ್ತನೆ ಬೀಜ, ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿ, ಸಂಬಳದಲ್ಲಿ ಮೊದಲ 1000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ, ಪಿಂಚಣಿ, ಭವಿಷ್ಯ ನಿಧಿ, ಜೀವವಿಮೆಯ ಹಣ, ಮುಂದೆ ಬರಬೇಕಾದ ಜೀವನಾಂಶ.

ಪಟ್ಟಿ ಉದ್ದವಿದೆ. ಆದರೆ ಯಾವುದನ್ನು ಜಪ್ತಿ ಮಾಡಬಹುದು ಎಂದು ಅದೇ ಕಲಮಿನ ಆರಂಭದಲ್ಲಿ ಹೇಳುವಾಗ ಜಮೀನು, ಮನೆ, ಸರಕುಗಳ ಜೊತೆಗೇ "ಹಣ", "ಬ್ಯಾಂಕ್ ನೋಟು" ಎಂದು ಹೆಸರಿಟ್ಟು ಬರೆದಿದೆ. ಕೂಡಿಟ್ಟ ನಗದು ವಿನಾಯಿತಿಯ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಇದರ ಅರ್ಥ ನೋಡಿ. ಕೂಲಿ ಮಾಡಿದವಳಿಗೆ ಮಾಲೀಕ ಕೊಡಬೇಕಾದ ಕೂಲಿಗೆ ರಕ್ಷಣೆ ಇದೆ. ಅದೇ ಕೂಲಿಯಲ್ಲಿ ಹತ್ತು ರೂಪಾಯಿ ಉಣ್ಣದೆ ಉಳಿಸಿದರೆ, ಆ ಹತ್ತು ರೂಪಾಯಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಖರ್ಚು ಮಾಡಿದವಳಿಗೆ ಕನಿಕರ, ಉಳಿಸಿದವಳಿಗೆ ಜಪ್ತಿ!

ದಿವಾಳಿ ಅರ್ಜಿ ಹಾಕಿದರೆ ಏನಾಗುತ್ತದೆ? ನಮ್ಮ ಹಳ್ಳಿಗಳಲ್ಲಿ ಇದನ್ನು ಪಾಪರ್ ಆಗುವುದು ಎನ್ನುತ್ತಾರೆ, ಬೈಗುಳದಂತೆ ಬಳಸುತ್ತಾರೆ. ಅದು ಬೈಗುಳವಲ್ಲ, ಕಾನೂನು ಕೊಟ್ಟ ಬಾಗಿಲು. 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಪ್ರಕಾರ 500 ರೂಪಾಯಿ ಮೀರಿದ ಸಾಲ ತೀರಿಸಲಾಗದವರು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆ 500 ರೂಪಾಯಿ ನೂರು ವರ್ಷ ಹಿಂದಿನ ಲೆಕ್ಕ! ದಿವಾಳಿ ಎಂದು ಘೋಷಣೆಯಾದ ಮೇಲೆ ಸಾಲ ಕೊಟ್ಟವರು ಕೋರ್ಟಿನ ಅಪ್ಪಣೆ ಇಲ್ಲದೆ ಒಬ್ಬೊಬ್ಬರೇ ದಾವೆ ಹೂಡುವಂತಿಲ್ಲ. ಆಸ್ತಿ ಕೋರ್ಟಿನ ಇಲ್ಲವೆ ಅದು ನೇಮಿಸಿದ ಅಧಿಕಾರಿಯ ವಶಕ್ಕೆ ಹೋಗುತ್ತದೆ, ಅದನ್ನು ಎಲ್ಲರಿಗೂ ಹಂಚುತ್ತಾರೆ, ಕೊನೆಗೆ ಕೋರ್ಟು ಬಿಡುಗಡೆಯ ಆದೇಶ ಕೊಡಬಹುದು. ಈ ಕಾಯ್ದೆಯ 28ನೇ ಕಲಂ ಹೇಳುವುದು ಇಷ್ಟೇ: ಸಿವಿಲ್ ಸಂಹಿತೆ ಅಥವಾ ಬೇರೆ ಕಾನೂನು ಯಾವುದನ್ನು ಜಪ್ತಿಯಿಂದ ಬಿಟ್ಟಿದೆಯೋ ಅದು ದಿವಾಳಿಯಲ್ಲೂ ಉಳಿಯುತ್ತದೆ. ಅಂದರೆ ಸುತ್ತಿ ಬಳಸಿ ಮತ್ತೆ ಅದೇ 60ನೇ ಕಲಮಿನ ಬಾಗಿಲಿಗೇ ಬಂದೆವು. ತಾಳಿ ಉಳಿಯಿತು, ಪಾಸ್‌ಬುಕ್ ಹೋಯಿತು.

ದೊಡ್ಡವರಿಗೆ ತೆರೆದ ಬಾಗಿಲು

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ಕಂಪನಿಗಳ ಭಾಗ ಅದೇ ವರ್ಷದ ಡಿಸೆಂಬರಿನಲ್ಲಿ ಜಾರಿಯಾಯಿತು. ಕೋಟಿ ಕೋಟಿ ಸಾಲದಲ್ಲಿ ಬ್ಯಾಂಕುಗಳು ಎಷ್ಟೋ ಬಿಟ್ಟುಕೊಟ್ಟವು. ಅದೇ ಸಂಹಿತೆಯ ಮೂರನೇ ಭಾಗ ನಮ್ಮಂಥ ಸಾಮಾನ್ಯರದು. 2019ರ ಡಿಸೆಂಬರ್ 1ರಂದು ಅದನ್ನು ತೆರೆದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಬಡವರ ಅಧ್ಯಾಯ ಅಚ್ಚಾಗಿ ಪುಸ್ತಕದಲ್ಲಿದೆ, ಬಾಗಿಲಿಗೆ ಬೀಗವಿದೆ.

ಬೀಗ ತೆಗೆದರೂ ಒಳಗೇನಿದೆ? ಬಡವರ ಸಾಲ ಮನ್ನಾ ಮಾಡಿ ಹೊಸದಾಗಿ ಬದುಕು ಶುರು ಮಾಡಿಸುವ ಏರ್ಪಾಟು ಅಲ್ಲಿದೆ. ಅದಕ್ಕೆ ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಸಾಲ 35,000 ಮೀರಬಾರದು, ಆಸ್ತಿ 20,000 ಮೀರಬಾರದು, ಸ್ವಂತ ಮನೆ ಇರಬಾರದು. ಈಗ ನಮ್ಮ ಸಂಘದ ಲೆಕ್ಕ ಹಾಕಿ. ವಾರಕ್ಕೆ 50 ರೂಪಾಯಿ ಉಳಿತಾಯ ಎಂದರೆ ವರ್ಷಕ್ಕೆ 2,600, ಹತ್ತು ವರ್ಷಕ್ಕೆ 26,000. ಹತ್ತು ವರ್ಷ ವಾರ ತಪ್ಪದೆ ಕಟ್ಟಿದ ಹೆಂಗಸು ಅಷ್ಟರಿಂದಲೇ ಅನರ್ಹಳಾಗುತ್ತಾಳೆ. ಇಲ್ಲಿಯೂ ವಿನಾಯಿತಿಯ ಪಟ್ಟಿ ಇದೆ: ಕಸುಬಿನ ಉಪಕರಣ, ಮನೆ ಸಾಮಾನು, ಧಾರ್ಮಿಕ ರೂಢಿಯ ಒಡವೆ, ವಿಮೆ, ಪಿಂಚಣಿ. ನಗದು ಉಳಿತಾಯ ಮತ್ತೆ ಇಲ್ಲ. 1908ರಲ್ಲಿ ಬರೆದವರ ಕಣ್ಣಿಗೆ ಕಾಣದಿದ್ದದ್ದು 2016ರಲ್ಲಿ ಬರೆದವರ ಕಣ್ಣಿಗೂ ಕಾಣಲಿಲ್ಲ.

ಬೇರೆಡೆ ಹೀಗೇ ಇದೆಯೇ? ಅಮೆರಿಕದ ಒಕ್ಕೂಟ ದಿವಾಳಿ ಕಾನೂನು ತೆಗೆದುಕೊಳ್ಳಿ. ಅದರ 522ನೇ ಕಲಮಿನ ಪಟ್ಟಿಯಲ್ಲಿ, ಸಾಲ ಮಾಡಿದವರು ತಮಗೆ ಬೇಕಾದ ಯಾವುದೇ ಆಸ್ತಿಯನ್ನು, ಬ್ಯಾಂಕಿನ ನಗದನ್ನೂ ಸೇರಿಸಿ, ಇಂತಿಷ್ಟು ಮೊತ್ತದವರೆಗೆ ಉಳಿಸಿಕೊಳ್ಳಬಹುದು. 2025ರ ಏಪ್ರಿಲಿನಿಂದ ಆ ಮೊತ್ತ 1,675 ಡಾಲರ್. ಸ್ವಂತ ಮನೆಗೆ ಸಿಗುವ ವಿನಾಯಿತಿಯನ್ನು ಬಳಸದವರಿಗೆ ಅದರ ಮೇಲೆ 15,800 ಡಾಲರ್‌ವರೆಗೆ. ಹೆಚ್ಚಿನ ರಾಜ್ಯಗಳು ಈ ಪಟ್ಟಿ ಒಪ್ಪದೆ ತಮ್ಮದೇ ಪಟ್ಟಿ ಇಟ್ಟುಕೊಂಡಿವೆ, ನಿಜ. ಆದರೆ ತತ್ವ ಸ್ಪಷ್ಟ: ದಿವಾಳಿಯಾದವರೂ ಮಾರನೆಯ ಬೆಳಿಗ್ಗೆ ಹಾಲು ಕೊಳ್ಳಬೇಕು, ಬಾಡಿಗೆ ಕಟ್ಟಬೇಕು. ಸಾಹುಕಾರರ ದೇಶಕ್ಕೆ ತಿಳಿದ ಈ ಸರಳ ಮಾತು ನಮ್ಮ ಸಂಸತ್ತಿಗೆ ತಿಳಿಯದೇ?

ಕಾಯುವವಳಿಗೆ ರಕ್ಷಣೆ, ಹೊರಡುವವಳಿಗೆ ಇಲ್ಲ

"ನಗದಿಗೂ ರಕ್ಷಣೆ ಇದೆಯಲ್ಲ, ಅಂಚೆ ಕಚೇರಿಯಲ್ಲಿ ಪಿ.ಪಿ.ಎಫ್. ಮಾಡಿಸಿ" ಎಂದು ವಕೀಲರು ಹೇಳುತ್ತಾರೆ. ಸರಿಯಾದ ಮಾತು. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಸಾಕು, ಸಾಲಕ್ಕಾಗಿ ಅದನ್ನು ಕೋರ್ಟೂ ಜಪ್ತಿ ಮಾಡುವಂತಿಲ್ಲ. ಆಗುವವರು ಮಾಡಿಸಿ. ಆದರೆ ಅದರ ಅವಧಿ 15 ವರ್ಷ, ಮೊದಲ ಕೆಲವು ವರ್ಷ ಹಣ ವಾಪಸು ತೆಗೆಯಲಾಗದು. ಇವತ್ತು ರಾತ್ರಿ ಮೈಮೇಲೆ ಸೀಮೆಎಣ್ಣೆ ಬೀಳಬಹುದು ಎಂಬ ಹೆದರಿಕೆಯಲ್ಲಿರುವವಳಿಗೆ 15 ವರ್ಷ ಕಾಯಿರಿ ಎನ್ನುವುದೇ?

2016ರ ಏಪ್ರಿಲ್ ನೆನಪಿದೆಯೇ? ಪಿ.ಎಫ್. ಹಣವನ್ನು ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕು ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ದಂಗೆ ಎಂದರು ಪತ್ರಿಕೆಯವರು. ಆ ಹೆಣ್ಣುಮಕ್ಕಳು ಕೇಳಿದ್ದು ಭಿಕ್ಷೆಯಲ್ಲ, ತಮ್ಮದೇ ಉಳಿತಾಯ ತಮಗೆ ಬೇಕಾದ ಹೊತ್ತಿನಲ್ಲಿ ಕೈಗೆ ಬರಬೇಕು ಎಂಬುದು.

ಇನ್ನೊಂದು ಮಾತನ್ನು ಸುಪ್ರೀಂ ಕೋರ್ಟೇ ಹೇಳಿದೆ. ನಿವೃತ್ತರೊಬ್ಬರ ಪಿಂಚಣಿ, ಗ್ರಾಚ್ಯುಟಿ ಹಣ ಬ್ಯಾಂಕಿನಲ್ಲಿ ಠೇವಣಿಯಾದ ಮಾತ್ರಕ್ಕೆ ತನ್ನ ಗುಣ ಕಳೆದುಕೊಳ್ಳುವುದಿಲ್ಲ, ಅದನ್ನು ಜಪ್ತಿ ಮಾಡುವಂತಿಲ್ಲ ಎಂದು 2008ರ ತೀರ್ಪು. ನ್ಯಾಯವಾದ ತೀರ್ಪು. ಹಾಗಾದರೆ ಪಿಂಚಣಿಗೆ ಒಂದು ನ್ಯಾಯ, ಕೂಲಿಗೆ ಇನ್ನೊಂದೇ? ಗುಮಾಸ್ತರ ಹಣ ಬ್ಯಾಂಕಿಗೆ ಹೋದರೂ ಪಿಂಚಣಿಯಾಗಿಯೇ ಉಳಿಯುವುದಾದರೆ, ಬೀಡಿ ಕಟ್ಟಿದವಳ, ಮುಸುರೆ ತಿಕ್ಕಿದವಳ ಹಣ ಬ್ಯಾಂಕಿಗೆ ಹೋದರೂ ಕೂಲಿಯಾಗಿಯೇ ಉಳಿಯಬೇಕು.

"ದುರುಪಯೋಗ ಆಗುತ್ತದೆ"

ನಾವು ಹೀಗೆ ಕೇಳಿದ ಕೂಡಲೇ ಬರುವ ಮೊದಲ ಉತ್ತರ ಇದು: ಗಂಡಂದಿರು ಹೆಂಡತಿಯ ಖಾತೆಯಲ್ಲಿ ಹಣ ಬಚ್ಚಿಡುತ್ತಾರೆ. ಸ್ವಾಮಿ, ನಾವು ಕೇಳುತ್ತಿರುವುದು ಮಿತಿಯಿಲ್ಲದ ವಿನಾಯಿತಿಯಲ್ಲ. ಒಬ್ಬ ಹೆಂಗಸು ಮಕ್ಕಳೊಂದಿಗೆ ಆರು ತಿಂಗಳು ಬದುಕಲು ಬೇಕಾದಷ್ಟು ಮೊತ್ತ. ಅಷ್ಟರಲ್ಲಿ ಯಾವ ಸಾಹುಕಾರನ ಆಸ್ತಿ ಅಡಗೀತು? ಕೋಟಿ ಬಚ್ಚಿಡುವವರಿಗೆ ಬೇರೆ ದಾರಿಗಳಿವೆ, ಅವು ಅವರಿಗೆ ಚೆನ್ನಾಗಿ ಗೊತ್ತು.

ಎರಡನೆಯ ಉತ್ತರ: ಸಾಲ ತೀರಿಸುವುದು ಧರ್ಮ. ಒಪ್ಪಿದೆವು. ವಾರ ತಪ್ಪದೆ ಕಂತು ಕಟ್ಟುವ ಹೆಂಗಸರಿಗೆ ಈ ಪಾಠ ಬೇಕಿಲ್ಲ. ಆದರೆ ಪಿಂಚಣಿ ಉಳಿಸಿಕೊಂಡವರನ್ನು ಯಾರೂ ಅಧರ್ಮಿ ಎನ್ನುವುದಿಲ್ಲ. ಹೆಂಗಸು ತನ್ನ ಹಣ ಉಳಿಸಿಕೊಂಡಾಗ ಮಾತ್ರ ಮನೆಯ ಮರ್ಯಾದೆಯ ಪ್ರಶ್ನೆ ಏಳುತ್ತದೆ. ವರದಕ್ಷಿಣೆಗೆಂದು ಅಪ್ಪ ಸಾಲ ಮಾಡಿದಾಗ ಈ ಮರ್ಯಾದೆ ಎಲ್ಲಿತ್ತು? ಆ ವರದಕ್ಷಿಣೆಯನ್ನು ಗಂಡ ಕುಡಿದು, ಜೂಜಾಡಿ ಮುಗಿಸಿದಾಗ ಎಲ್ಲಿತ್ತು?

ನಮ್ಮ ಬಾಗಿಲಲ್ಲೂ ಧೂಳಿದೆ

ಗೆಳತಿಯರೇ, ಈಗ ಕಹಿ ಮಾತು. ಕೋರ್ಟಿಗಿಂತ ಮೊದಲು ಉಳಿತಾಯ ಮುರಿಯುವವರು ಎಷ್ಟೋ ಸಲ ನಾವೇ. ಕಂತು ತಪ್ಪಿದ ಹೆಂಗಸಿನ ಹೊಸಿಲಲ್ಲಿ ಗುಂಪಾಗಿ ಕೂತು "ಉಳಿತಾಯದಲ್ಲಿ ಮುರಿದುಕೊಳ್ಳಿ ಅನ್ನು" ಎಂದು ಒತ್ತಾಯಿಸಿದವರು ಯಾರು? ಗಂಡ ಬಂದು ಕೂಗಾಡಿದನೆಂದು ಅವಳ ಪುಸ್ತಕದ ಲೆಕ್ಕ ಅವನಿಗೆ ತೋರಿಸಿದವರು ಯಾರು? 2025ರಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಕಾನೂನು ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೊರಗಿನವನ ದಬ್ಬಾಳಿಕೆಗೆ ಕಾನೂನು ಬಂತು. ನಮ್ಮೊಳಗಿನ ದಬ್ಬಾಳಿಕೆಯನ್ನು ನಾವೇ ನಿಲ್ಲಿಸಬೇಕು.

ಕಾನೂನು ಬದಲಾಗುವವರೆಗೆ

ಇರುವ ಕಾನೂನಿನಲ್ಲಿಯೇ ಹಿಡಿದುಕೊಳ್ಳಲು ಕೆಲವು ಆಸರೆಗಳಿವೆ. ಸಭೆಯಲ್ಲಿ ಓದಿ, ಓದು ಬಾರದವರಿಗೆ ಹೇಳಿ.

ಗಂಡನ ಸಾಲಕ್ಕೆ ಹೆಂಡತಿ ಎಂಬ ಕಾರಣಕ್ಕೇ ನೀವು ಹೊಣೆಯಲ್ಲ. ಸಹಿ ಹಾಕಿದರೆ ಮಾತ್ರ ಹೊಣೆ. ಸಾಲದ ಕಾಗದವನ್ನು ಸಂಘಕ್ಕೆ ತಂದು ಓದಿಸದೆ ಸಹಿ ಹಾಕಬೇಡಿ. ಖಾಲಿ ಚೆಕ್ಕಿಗಂತೂ ಎಂದಿಗೂ ಬೇಡ.

ಖಾತೆ ನಿಮ್ಮೊಬ್ಬರ ಹೆಸರಿನಲ್ಲಿರಲಿ. ಗಂಡನ ಸಾಲಕ್ಕೆ ನಿಮ್ಮ ಹಣ, ನಿಮ್ಮ ವಸ್ತು ಜಪ್ತಿಯಾದರೆ ಅದು ನನ್ನದು ಎಂದು ಅದೇ ಕೋರ್ಟಿನಲ್ಲಿ ತಕರಾರು ಹಾಕಬಹುದು. ಸಿವಿಲ್ ಸಂಹಿತೆಯ 21ನೇ ಆದೇಶ, 58ನೇ ನಿಯಮ. ಅದಕ್ಕೆ ಪುರಾವೆ ಬೇಕು. ಹೊಲಿಗೆಯ ಲೆಕ್ಕ, ಕೂಲಿ ಚೀಟಿ, ಸಂಘದ ಪುಸ್ತಕ ಜೋಪಾನ.

ಮದುವೆಯಲ್ಲಿ ಬಂದದ್ದರ ಪಟ್ಟಿ ಬರೆದು ಸಹಿ ಮಾಡಿಸಿ ತವರಿನಲ್ಲಿಡಿ. ಸ್ತ್ರೀಧನ ಹೆಂಗಸಿನ ಸ್ವಂತ ಆಸ್ತಿ, ಅದು ಗಂಡ ಹೆಂಡಿರ ಜಂಟಿ ಆಸ್ತಿಯಾಗುವುದಿಲ್ಲ ಎಂದು 1985ರಿಂದ 2024ರವರೆಗೆ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅದನ್ನು ಕಿತ್ತುಕೊಳ್ಳುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ಆರ್ಥಿಕ ದೌರ್ಜನ್ಯ. ಅವನು ಬ್ಯಾಂಕ್ ಖಾತೆ, ಲಾಕರ್ ಮುಟ್ಟದಂತೆ ಮ್ಯಾಜಿಸ್ಟ್ರೇಟರಿಂದ ತಡೆ ತರಬಹುದು.

"ಜೈಲಿಗೆ ಹಾಕಿಸುತ್ತೇನೆ" ಎಂದರೆ ಹೆದರಬೇಡಿ. ಹಣದ ಡಿಕ್ರಿಗಾಗಿ ಹೆಂಗಸನ್ನು ಸಿವಿಲ್ ಜೈಲಿಗೆ ಹಾಕುವಂತಿಲ್ಲ ಎಂದು 56ನೇ ಕಲಂ ಹೇಳುತ್ತದೆ. ಆದರೆ ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣ, ಅಲ್ಲಿ ಈ ರಕ್ಷಣೆ ಇಲ್ಲ.

ಜೀವನೋಪಾಯ ಅಭಿಯಾನದ ಸಂಘಗಳಿಗೆ 10 ಲಕ್ಷದವರೆಗಿನ ಸಾಲ ಕೊಡುವಾಗ ಬ್ಯಾಂಕು ಸಂಘದ ಉಳಿತಾಯ ಖಾತೆಯನ್ನು ಹಿಡಿದಿಡುವಂತಿಲ್ಲ, ಠೇವಣಿ ಇಡಿ ಎಂದು ಒತ್ತಾಯಿಸುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಸೂಚನೆ. 2022ರ ಏಪ್ರಿಲಿನಿಂದ ಕಿರುಸಾಲಕ್ಕೂ ಸಾಲ ಪಡೆದವಳ ಠೇವಣಿಯನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೇಳಿ.

ದಿವಾಳಿ ಅರ್ಜಿ ಹಾಕಲೇಬೇಕಾದರೆ ಇರುವುದೆಲ್ಲವನ್ನೂ ಅರ್ಜಿಯಲ್ಲಿ ತೋರಿಸಿ, ಯಾವುದಕ್ಕೆ ವಿನಾಯಿತಿ ಇದೆಯೋ ಅದನ್ನು ಹೆಸರಿಟ್ಟು ಕೇಳಿ. ಹಿಂದಿನ ದಿನ ಹಣವನ್ನು ಅಕ್ಕನ ಹೆಸರಿಗೆ ವರ್ಗಾಯಿಸುವುದು ಬೇಡ. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಪುಕ್ಕಟೆ ವರ್ಗಾಯಿಸಿದ್ದನ್ನು ಕೋರ್ಟು ರದ್ದು ಮಾಡಬಹುದು, ಮೋಸದಿಂದ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲಿದೆ. ಅದರ ಬದಲು 66ನೇ ಕಲಮಿನಡಿ, ವಶವಾದ ಆಸ್ತಿಯಿಂದ ನನ್ನ ಮತ್ತು ಮಕ್ಕಳ ಹೊಟ್ಟೆಪಾಡಿಗೆ ಇಷ್ಟು ಕೊಡಿಸಿ ಎಂದು ಕೋರ್ಟನ್ನು ಕೇಳಿ. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಹಕ್ಕು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.

ನಮ್ಮ ಬೇಡಿಕೆ

ಹೆಂಗಸಿನ ಸ್ವಂತ ಖಾತೆಯ ಮತ್ತು ಸಂಘದ ಉಳಿತಾಯದ ಇಂತಿಷ್ಟು ಮೊತ್ತವನ್ನು 60ನೇ ಕಲಮಿನ ವಿನಾಯಿತಿಗೆ ಸೇರಿಸಬೇಕು. ಕೂಲಿಯಿಂದ ಉಳಿಸಿದ್ದಕ್ಕೆ ಪಿಂಚಣಿಗೆ ಇರುವ ರಕ್ಷಣೆಯೇ ಸಿಗಬೇಕು. ದಿವಾಳಿ ಸಂಹಿತೆಯ ಬಡವರ ಅಧ್ಯಾಯ ತೆರೆಯಬೇಕು, 20,000ದ ಮಿತಿ ಏರಿಸಬೇಕು, ಉಳಿತಾಯವನ್ನು ಅದರಿಂದ ಹೊರಗಿಡಬೇಕು. ಗಂಡನ ಸಾಲಕ್ಕೆ ಹೆಂಡತಿಯ ಸಹಿ ಪಡೆಯುವ ಮುನ್ನ ಅವನಿಲ್ಲದ ಕೋಣೆಯಲ್ಲಿ ಅವಳನ್ನು ಕೂರಿಸಿ ವಿವರಿಸಬೇಕು.

ದೆಹಲಿ ದೂರವಿದೆ. ಆದರೆ ನಡಾವಳಿ ಪುಸ್ತಕ ನಮ್ಮ ಕೈಯಲ್ಲೇ ಇದೆ. ಬರುವ ವಾರದ ಸಭೆಯಲ್ಲಿ ಈ ಠರಾವು ಬರೆಯಿರಿ: ಯಾವ ಸದಸ್ಯೆಯ ಉಳಿತಾಯವನ್ನೂ ಅವಳ ಗಂಡನ ಸಾಲಕ್ಕೆ ಮುರಿಯುವುದಿಲ್ಲ. ಅವಳ ಲೆಕ್ಕವನ್ನು ಅವಳ ಒಪ್ಪಿಗೆ ಇಲ್ಲದೆ ಮನೆಯವರಿಗೆ ತೋರಿಸುವುದಿಲ್ಲ. ಮನೆ ಬಿಟ್ಟು ಹೊರಡಬೇಕಾಗಿ ಬಂದವಳಿಗೆ, ಗಂಡನ ಸಹಿ ಕೇಳದೆ, ಅವಳು ಬಂದ ದಿನವೇ ಅವಳ ಹಣ ಕೊಡುತ್ತೇವೆ. ಕೆಳಗೆ ಎಲ್ಲರೂ ಸಹಿ ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ.

ಆ ಹೊಲಿಗೆಯ ಅಕ್ಕ ಮತ್ತೆ ವಾರಕ್ಕೆ 50 ರೂಪಾಯಿ ಕಟ್ಟಲು ಶುರು ಮಾಡಿದ್ದಾಳೆ. ಈ ಸಲ ಅವಳ ಹಣ ಅವಳಿಗೇ ಸಿಗಬೇಕು.